ಒಂದೇ ದಿನದ ಬಿಳಿ ಗೌನು

ಮದುವೆಯ ಬಿಳಿ ಗೌನು ತೊಟ್ಟ ತರುಣಿಯೊಬ್ಬಳು ಸಮುದ್ರದಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತಿದ್ದಾಳೆ. ಇನ್ನೊಬ್ಬಳು ಅಂಥದೇ ಗೌನಿನಲ್ಲಿ ಕೆಸರಿನಲ್ಲಿ ಹೊರಳುತ್ತಿದ್ದಾಳೆ. ಮತ್ತೊಬ್ಬಳ ಮೇಲೆ ಗೆಳತಿಯರು ಬಕೆಟ್ಟುಗಟ್ಟಲೆ ಬಣ್ಣ ಎರಚುತ್ತಿದ್ದಾರೆ. ಮೂವರ ಎದುರಿಗೂ ಕ್ಯಾಮೆರಾ ಹಿಡಿದ ಛಾಯಾಗ್ರಾಹಕನಿದ್ದಾನೆ. ಇವರಾರೂ ಮದುವೆ ಮುರಿದುಕೊಂಡವರಲ್ಲ. ಮದುವೆ ಮುಗಿದು ಕೆಲವು ದಿನ ಕಳೆದ ಮೇಲೆ ಅದೇ ಗೌನನ್ನು ಮತ್ತೊಮ್ಮೆ ತೊಟ್ಟು, ಅದನ್ನು ಕೆಡಿಸುವುದಕ್ಕೆಂದೇ ಬಂದವರು. ಪಾಶ್ಚಾತ್ಯ ದೇಶಗಳಲ್ಲಿ ಈ ಪದ್ಧತಿಗೆ ‘ಟ್ರ್ಯಾಶ್ ದ ಡ್ರೆಸ್’ ಎಂಬ ಹೆಸರು ಬಂದಿದೆ. ಉಡುಪನ್ನು ಕಸ ಮಾಡು ಎಂದು ಇದರ ಅರ್ಥ.

ಅಮೆರಿಕದ ಲಾಸ್ ವೇಗಸ್ ನಗರದ ಮದುವೆ ಛಾಯಾಗ್ರಾಹಕ ಜಾನ್ ಮೈಕೆಲ್ ಕೂಪರ್ 2001ರ ಸುಮಾರಿಗೆ ಇಂಥ ಚಿತ್ರಗಳಿಗೆ ನಾಂದಿ ಹಾಡಿದರೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಮುಂದೆ ಲೂಸಿಯಾನಾ ರಾಜ್ಯದ ಛಾಯಾಗ್ರಾಹಕ ಮಾರ್ಕ್ ಎರಿಕ್ ಅಂತರ್ಜಾಲದ ಮೂಲಕ ಈ ಹೆಸರಿಗೂ ಶೈಲಿಗೂ ಪ್ರಚಾರ ಕೊಟ್ಟರು. ಕೆಲವೇ ವರ್ಷಗಳಲ್ಲಿ ಅದು ಕೆನಡಾ, ಬ್ರಿಟನ್, ಆಸ್ಟ್ರೇಲಿಯಾಗಳಿಗೂ ಹಬ್ಬಿತು.

ತಿಂಗಳುಗಟ್ಟಲೆ ಹುಡುಕಿ, ಅಳತೆ ಕೊಟ್ಟು, ಕೈತುಂಬ ಹಣ ತೆತ್ತು ಮಾಡಿಸಿಕೊಂಡ ಉಡುಪನ್ನು ಕೆಸರಿಗೆಳೆಯುವುದೆಂದರೆ ಮೇಲುನೋಟಕ್ಕೆ ಇದು ಹುಚ್ಚಾಟವೇ ಸರಿ. ಆದರೆ ಇದರ ಬೇರು ಹುಡುಕುತ್ತ ಹೋದರೆ ಬೇರೊಂದು ಪ್ರಶ್ನೆ ಎದುರಾಗುತ್ತದೆ. ಒಂದೇ ಒಂದು ದಿನ ತೊಟ್ಟು ಮತ್ತೆಂದೂ ತೊಡಬಾರದ ಉಡುಪೊಂದು ಮನುಷ್ಯರ ಬಾಳಿನಲ್ಲಿ ಎಂದಿನಿಂದ ಬಂತು? ಅದನ್ನು ತಂದವರು ಯಾರು?

ರಾಣಿ ತೊಟ್ಟ ಬಿಳುಪು

ಬಿಳಿ ಗೌನು ಕ್ರೈಸ್ತ ವಿವಾಹದಷ್ಟೇ ಪುರಾತನವೆಂದು ಅನೇಕರ ನಂಬಿಕೆ. ಅದು ನಿಜವಲ್ಲ. ಯೂರೋಪಿನಲ್ಲಿ ಶತಮಾನಗಳ ಕಾಲ ವಧುವಿಗೆ ಇಂಥದೇ ಬಣ್ಣವೆಂಬ ಕಟ್ಟಳೆ ಇರಲಿಲ್ಲ. ಸಿರಿವಂತರು ಜರಿಯ, ಕೆಂಪಿನ, ನೀಲಿಯ ಉಡುಪು ತೊಡುತ್ತಿದ್ದರು. ಬಡವರ ಮನೆಯ ಹುಡುಗಿ ತನ್ನಲ್ಲಿದ್ದ ಬಟ್ಟೆಗಳಲ್ಲೇ ಒಳ್ಳೆಯದನ್ನು ತೊಟ್ಟು ಇಗರ್ಜಿಗೆ ಹೋಗುತ್ತಿದ್ದಳು. ಮದುವೆಯ ನಂತರ ಅದೇ ಬಟ್ಟೆ ಭಾನುವಾರದ ಪ್ರಾರ್ಥನೆಗೆ, ಹಬ್ಬಕ್ಕೆ, ನೆಂಟರ ಮನೆಗೆ ಬಳಕೆಯಾಗುತ್ತಿತ್ತು. ಸ್ಕಾಟ್ಲೆಂಡಿನ ರಾಣಿ ಮೇರಿ 1558ರಲ್ಲಿ ಫ್ರಾನ್ಸಿನ ಯುವರಾಜನನ್ನು ವರಿಸುವಾಗ ಬಿಳಿಯನ್ನು ತೊಟ್ಟದ್ದು ಎದ್ದು ಕಾಣುವಂಥ ಅಪವಾದ. ಫ್ರೆಂಚ್ ರಾಣಿಯರಿಗೆ ಬಿಳಿ ಶೋಕದ ಬಣ್ಣವೂ ಆಗಿತ್ತು.

ಈ ಸ್ಥಿತಿಯನ್ನು ಬದಲಿಸಿದ್ದು 1840ರ ಫೆಬ್ರವರಿ 10ರಂದು ಲಂಡನ್ನಿನಲ್ಲಿ ನಡೆದ ಮದುವೆ. ಅಂದು ಆಲ್ಬರ್ಟನನ್ನು ವರಿಸಿದ ವಿಕ್ಟೋರಿಯಾ ರಾಣಿ ರಾಜಲಾಂಛನದ ಭಾರಿ ನಿಲುವಂಗಿಯನ್ನು ಬಿಟ್ಟು ಬಿಳಿ ಸ್ಯಾಟಿನ್ ಉಡುಪನ್ನು ಆರಿಸಿಕೊಂಡಳು. ಅದರ ಮೇಲೆ ಡೆವನ್ ಪ್ರಾಂತ್ಯದ ಕುಶಲಕರ್ಮಿಗಳು ಕೈಯಿಂದ ನೇಯ್ದ ಹಾನಿಟನ್ ಲೇಸು ಇತ್ತು. 200ಕ್ಕೂ ಹೆಚ್ಚು ಮಂದಿ ತಿಂಗಳುಗಟ್ಟಲೆ ದುಡಿದು ಆ ಲೇಸನ್ನು ಸಿದ್ಧಪಡಿಸಿದ್ದರು. ಯಂತ್ರದ ಲೇಸು ಬಂದು ಕೈಕಸುಬಿನವರ ಹೊಟ್ಟೆಯ ಮೇಲೆ ಹೊಡೆದಿದ್ದ ಕಾಲ ಅದು. ರಾಣಿಯ ಆಯ್ಕೆಯಿಂದ ಆ ಕಸುಬಿಗೆ ಹೊಸ ಜೀವ ಬಂದಂತಾಯಿತು. ಲೇಸು ಚೆನ್ನಾಗಿ ಕಾಣಬೇಕಾದರೆ ಅದರ ಕೆಳಗಿನ ಬಟ್ಟೆ ಬಿಳಿಯದಾಗಿದ್ದರೆ ಮೇಲು. ಹೀಗೆ ಬಿಳುಪಿನ ಹಿಂದೆ ನೇಯ್ಗೆಯವರ ಅನ್ನದ ಪ್ರಶ್ನೆಯೂ ಇತ್ತು. ‘ಬಿಳಿಯೆಂದರೆ ಕನ್ಯೆಯ ಪಾವಿತ್ರ್ಯ’ ಎಂಬ ವ್ಯಾಖ್ಯಾನಕ್ಕೆ ಬಲ ಬಂದದ್ದು ಆ ನಂತರ, ಮಹಿಳೆಯರ ಪತ್ರಿಕೆಗಳ ಪುಟಗಳಲ್ಲಿ.

ವಿಕ್ಟೋರಿಯಾಳ ಮದುವೆಯ ದಿನದ ಛಾಯಾಚಿತ್ರ ಒಂದೂ ಇಲ್ಲ. ಫ್ರಾನ್ಸಿನಲ್ಲಿ ಡಾಗೆರ್‌ನ ಛಾಯಾಗ್ರಹಣ ವಿಧಾನ ಬಹಿರಂಗವಾಗಿ ಆಗಿನ್ನೂ ಒಂದು ವರ್ಷವೂ ಕಳೆದಿರಲಿಲ್ಲ. ಆದರೆ 1847ರಲ್ಲಿ, ಮದುವೆಯಾಗಿ ಏಳು ವರ್ಷಗಳಾದ ಮೇಲೆ, ಗಂಡನಿಗೆ ವಾರ್ಷಿಕೋತ್ಸವದ ಉಡುಗೊರೆಯಾಗಿ ಕೊಡಲು ಆಕೆ ಮದುವೆಯ ಉಡುಪು ಮತ್ತು ಮುಸುಕಿನಲ್ಲಿರುವ ತನ್ನ ಚಿತ್ರವನ್ನು ವಿಂಟರ್‌ಹಾಲ್ಟರ್ ಎಂಬ ಕಲಾವಿದನಿಂದ ಬರೆಸಿದಳು. ಮದುವೆ ಮುಗಿದ ಮೇಲೆ ಮದುವಣಗಿತ್ತಿಯಾಗಿ ಮತ್ತೊಮ್ಮೆ ಕಾಣಿಸಿಕೊಳ್ಳುವ ಆಸೆ ಇಂದಿನ ತರುಣಿಯರಲ್ಲಿ ಹುಟ್ಟಿದ್ದಲ್ಲ ಎನ್ನಲು ಇಷ್ಟು ಸಾಕು. 1854ರಲ್ಲಿ ರೋಜರ್ ಫೆಂಟನ್ ತೆಗೆದ ರಾಜದಂಪತಿಯ ಛಾಯಾಚಿತ್ರಗಳನ್ನು ಮದುವೆಯ ಚಿತ್ರಗಳೆಂದು ಇಂದಿಗೂ ಹಲವರು ತಪ್ಪು ತಿಳಿಯುತ್ತಾರೆ. ಅವರು ಅಲ್ಲಿ ತೊಟ್ಟಿರುವುದು ಆಸ್ಥಾನದ ಉಡುಪು.

ಕ್ಯಾಮೆರಾದ ಕಣ್ಣಿಗೆ ಹಿಡಿಸಿದ ಬಣ್ಣ

ಬಿಳಿ ಗೌನು ಮತ್ತು ಕ್ಯಾಮೆರಾ ಹೆಚ್ಚುಕಡಿಮೆ ಒಟ್ಟಿಗೇ ಹುಟ್ಟಿ ಒಟ್ಟಿಗೇ ಬೆಳೆದವು. ಇದು ಕೇವಲ ಕಾಕತಾಳೀಯವಲ್ಲ. 19ನೆಯ ಶತಮಾನದ ಛಾಯಾಗ್ರಹಣದ ಫಲಕಗಳಿಗೆ ನೀಲಿ ಬೆಳಕು ಬೇಗ ತಾಗುತ್ತಿತ್ತು, ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ. ಆದ್ದರಿಂದ ಕೆಂಪು ಬಟ್ಟೆ ಚಿತ್ರದಲ್ಲಿ ಕಪ್ಪಾಗಿ, ತಿಳಿನೀಲಿ ಬಟ್ಟೆ ಬಿಳಿಯಾಗಿ ಮೂಡುತ್ತಿತ್ತು. ಬಣ್ಣಗಳೆಲ್ಲ ಬೂದಿಯ ಛಾಯೆಗಳಾಗಿ ಕರಗುವ ಆ ಚಿತ್ರದಲ್ಲಿ ಇವಳೇ ಮದುಮಗಳೆಂದು ಥಟ್ಟನೆ ಗುರುತಿಸಲು ಬಿಳಿಗಿಂತ ಒಳ್ಳೆಯ ಬಣ್ಣ ಇರಲಿಲ್ಲ. ನಮ್ಮ ಕಡೆಯ ಹಳೆಯ ಫೋಟೊಗಳಲ್ಲಿ ಮದುಮಗಳ ಕೆಂಪು ಸೀರೆ ಕಪ್ಪಾಗಿ ಕಾಣುವುದಕ್ಕೂ ಇಂಥ ಫಲಕಗಳ ಈ ಗುಣವೇ ಕಾರಣ.

1854ರಲ್ಲಿ ಪ್ಯಾರಿಸಿನ ಡಿಸ್ಡೆರಿ ಎಂಬಾತ ಒಂದೇ ಫಲಕದಲ್ಲಿ ಹಲವು ಸಣ್ಣ ಚಿತ್ರಗಳನ್ನು ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಚಿತ್ರದ ಬೆಲೆ ಇಳಿಯಿತು. ಮಧ್ಯಮ ವರ್ಗದ ನವದಂಪತಿಗಳು ಸ್ಟುಡಿಯೊಗೆ ಹೋಗಿ ಫೋಟೊ ತೆಗೆಸಿಕೊಂಡು ನೆಂಟರಿಗೆ ಹಂಚುವುದು ರೂಢಿಯಾಯಿತು. ಎಷ್ಟೋ ವೇಳೆ ಅವರು ಹೋಗುತ್ತಿದ್ದದ್ದು ಮದುವೆ ಮುಗಿದ ಮೇಲೆ, ಬಿಡುವಾದ ದಿನ. ಹೀಗಾಗಿ ಮದುವೆಯ ದಿನಕ್ಕೂ ಮದುವೆಯ ಚಿತ್ರಕ್ಕೂ ನಡುವೆ ಅಂತರ ಮೊದಲಿನಿಂದಲೂ ಇತ್ತು.

ಆದರೂ ಒಂದೇ ದಿನದ ಗೌನು ಎಲ್ಲರ ಕೈಗೆ ಎಟುಕಲು ನೂರು ವರ್ಷಗಳೇ ಬೇಕಾದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಬಟ್ಟೆಗೂ ರೇಷನ್ ಇತ್ತು. 1941ರಲ್ಲಿ ಆರಂಭವಾದ ಈ ನಿಯಂತ್ರಣ ತೆರವಾದದ್ದು 1949ರಲ್ಲಿ. ಗೌನುಗಳನ್ನು ಅಕ್ಕತಂಗಿಯರು, ಗೆಳತಿಯರು ಎರವಲು ಪಡೆದು ತೊಟ್ಟರು. ಪ್ಯಾರಾಚೂಟ್ ಬಟ್ಟೆಯಲ್ಲೂ ಗೌನು ಹೊಲಿದರು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿ ಅಂಥದೊಂದು ಗೌನು ಇದೆ. 1944ರಲ್ಲಿ ಬಾಂಬರ್ ವಿಮಾನದ ಚಾಲಕನೊಬ್ಬನ ಜೀವ ಉಳಿಸಿದ ನೈಲಾನ್ ಪ್ಯಾರಾಚೂಟಿನಿಂದ ಅದನ್ನು ಹೊಲಿಯಲಾಗಿತ್ತು. 1947ರಲ್ಲಿ ಅದನ್ನು ಅವನ ವಧು ತೊಟ್ಟಳು. ಮುಂದೆ ಅವರ ಮಗಳು ತೊಟ್ಟಳು, ಸೊಸೆಯೂ ತೊಟ್ಟಳು.

ಪೆಟ್ಟಿಗೆಯೊಳಗಿನ ಭಾರ

ಯುದ್ಧಾನಂತರ ಪಶ್ಚಿಮದಲ್ಲಿ ಸಂಪತ್ತು ಹೆಚ್ಚಿತು. ಕೃತಕ ನೂಲು ಅಗ್ಗವಾಯಿತು. ಸಾಮಾನ್ಯರ ಮನೆಯ ಹುಡುಗಿಯೂ ರಾಣಿಯಂಥ ಉದ್ದ ಗೌನನ್ನು ಒಂದು ದಿನಕ್ಕಾಗಿ ಕೊಳ್ಳುವಂತಾಯಿತು. 1981ರ ಜುಲೈ 29ರಂದು ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಗೆ ಡಯಾನಾ 25 ಅಡಿ ಉದ್ದದ ಸೆರಗನ್ನು ಎಳೆದುಕೊಂಡು ಬಂದದ್ದನ್ನು ಜಗತ್ತಿನಾದ್ಯಂತ ಕೋಟ್ಯಂತರ ಜನ ಟೆಲಿವಿಷನ್‌ನಲ್ಲಿ ನೋಡಿದರು. ಗಾಡಿಯಲ್ಲಿ ಮುದುಡಿ ಕೂತು ಬಂದಿದ್ದರಿಂದ ಆ ರೇಷ್ಮೆ ಸುಕ್ಕುಗಟ್ಟಿತ್ತು ಎಂಬುದೂ ದೊಡ್ಡ ಸುದ್ದಿಯೇ ಆಯಿತು. ಗೌನು ಸುಕ್ಕಾಗಬಾರದು, ಅದಕ್ಕೆ ಕಲೆ ತಾಗಬಾರದು ಎಂಬ ಆತಂಕ ಮದುಮಗಳ ಬೆನ್ನು ಬಿಡಲಿಲ್ಲ. ಅವಳು ಮನಸೋ ಇಚ್ಛೆ ಕೂರುವಂತಿಲ್ಲ, ಊಟ ಮಾಡುವಂತಿಲ್ಲ, ಹುಲ್ಲಿನ ಮೇಲೆ ನಡೆಯುವಂತಿಲ್ಲ.

ಮದುವೆಯ ಮರುದಿನದಿಂದ ಮತ್ತೊಂದು ಚಿಂತೆ. ಇಷ್ಟು ದೊಡ್ಡ ಉಡುಪನ್ನು ಎಲ್ಲಿಡುವುದು? ಹಳೆಯ ಕಾಲದ ತಾಯಂದಿರು ಗೌನಿನ ಬಟ್ಟೆಯಿಂದ ಮಗುವಿನ ಜ್ಞಾನಸ್ನಾನದ ಅಂಗಿ ಹೊಲಿಸುತ್ತಿದ್ದರು. ಅಮೆರಿಕದಲ್ಲಿ ಡ್ರೈಕ್ಲೀನಿಂಗ್ ಅಂಗಡಿಗಳು ಗೌನನ್ನು ತೊಳೆದು, ವಿಶೇಷ ಕಾಗದದಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಕೊಡುವ ವ್ಯಾಪಾರ ಬೆಳೆಸಿದವು. ಮಗಳು ತೊಡುತ್ತಾಳೆಂಬ ಆಸೆಯಲ್ಲಿ ಪೆಟ್ಟಿಗೆ ಅಟ್ಟ ಸೇರುತ್ತಿತ್ತು. ಮಗಳ ಕಾಲಕ್ಕೆ ಫ್ಯಾಷನ್ ಬದಲಾಗಿರುತ್ತಿತ್ತು, ಬಿಳಿ ಹಳದಿಯಾಗಿರುತ್ತಿತ್ತು. ಹಳದಿಗಟ್ಟಿದ ಮದುವೆಯ ಉಡುಪಿನ ಭೀಕರತೆಯನ್ನು ಚಾರ್ಲ್ಸ್ ಡಿಕನ್ಸ್ 1860–61ರಲ್ಲೇ ತನ್ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯಲ್ಲಿ ಕಾಣಿಸಿದ್ದ. ಮದುವೆಯ ದಿನವೇ ವಂಚಿತಳಾದ ಮಿಸ್ ಹ್ಯಾವಿಶಮ್ ಆ ಗೌನನ್ನು ಮತ್ತೆ ಕಳಚುವುದೇ ಇಲ್ಲ. ಗೌನೂ ಅವಳೂ ಒಟ್ಟಿಗೇ ಜೀರ್ಣವಾಗುತ್ತಾರೆ.

ಹೀಗೆ ಒಂದು ದಿನಕ್ಕಾಗಿ ಹುಟ್ಟಿದ ಉಡುಪು ಮಿಕ್ಕ ದಿನಗಳಲ್ಲಿ ಹೊರೆಯಾಯಿತು. ಅದನ್ನು ತೊಡುವಂತಿಲ್ಲ, ಎಸೆಯಲು ಮನಸ್ಸು ಬಾರದು. ಈ ಇಕ್ಕಟ್ಟಿಗೆ 2001ರ ನಂತರ ಛಾಯಾಗ್ರಾಹಕರು ಒಂದು ಉತ್ತರ ಕೊಟ್ಟರು: ಬನ್ನಿ, ಕೆಡಿಸೋಣ, ಕೆಡಿಸುವುದನ್ನೇ ಚಿತ್ರ ಮಾಡೋಣ.

ಕೆಡಿಸುವುದರ ಸುಖ

ಈ ಉತ್ತರ ಆ ಕಾಲಕ್ಕೇ ಬರಲು ತಾಂತ್ರಿಕ ಕಾರಣವೂ ಇತ್ತು. ಸ್ಟುಡಿಯೊದ ಗಟ್ಟಿ ಭಂಗಿಗಳನ್ನು ಬಿಟ್ಟು, ಸುದ್ದಿಚಿತ್ರದಂತೆ ಮದುವೆಯನ್ನು ಸೆರೆಹಿಡಿಯುವ ಶೈಲಿಯನ್ನು ಅಮೆರಿಕದ ಡೆನಿಸ್ ರೆಗಿಯಂಥವರು 1980ರ ದಶಕದಿಂದಲೇ ಬೆಳೆಸಿದ್ದರು. 1996ರಲ್ಲಿ ಕೆನಡಿ ಮನೆತನದ ಕಿರಿಯ ಜಾನ್ ತನ್ನ ವಧುವಿನ ಕೈಗೆ ಮುತ್ತಿಡುವ ಚಿತ್ರವನ್ನು ತೆಗೆದವರು ಅವರೇ. ಅದರ ಬೆನ್ನಿಗೇ ಡಿಜಿಟಲ್ ಕ್ಯಾಮೆರಾ ಬಂತು. ಮದುವೆಯ ಛಾಯಾಗ್ರಾಹಕರು ಬಳಸುತ್ತಿದ್ದ ಚೌಕಾಕಾರದ ದೊಡ್ಡ ಫಿಲ್ಮಿನ ಒಂದು ರೋಲಿನಲ್ಲಿ 12 ಚಿತ್ರಗಳಷ್ಟೇ ಸಿಗುತ್ತಿದ್ದವು. ಒಂದೊಂದಕ್ಕೂ ಲೆಕ್ಕ. ಡಿಜಿಟಲ್ ಬಂದ ಮೇಲೆ ಸಾವಿರ ಚಿತ್ರ ತೆಗೆದರೂ ಫಿಲ್ಮಿನ ಖರ್ಚಿಲ್ಲ. ಪ್ರಯೋಗಕ್ಕೆ ಧೈರ್ಯ ಬಂತು. ಚಿತ್ರಗಳನ್ನು ಅಂದೇ ಅಂತರ್ಜಾಲದಲ್ಲಿ ಹತ್ತು ಜನಕ್ಕೆ ತೋರಿಸುವುದೂ ಸಾಧ್ಯವಾಯಿತು. ಮದುವೆ ಮುಗಿದ ಮೇಲೂ ಇನ್ನೊಂದು ದಿನದ ಸಂಪಾದನೆ ಸಿಕ್ಕಿದ್ದು ಛಾಯಾಗ್ರಾಹಕರಿಗೆ ಲಾಭವೇ ಆಯಿತು.

ಹೆಣ್ಣುಮಕ್ಕಳ ದೃಷ್ಟಿಯಿಂದ ನೋಡಿದರೆ ಇದನ್ನು ಬರೀ ದುಂದು ಎಂದು ತಳ್ಳಿಹಾಕುವಂತಿಲ್ಲ. ಬಿಳುಪಿಗೆ ಪಾವಿತ್ರ್ಯದ ಅರ್ಥ ಕಟ್ಟಿ, ಕಲೆ ತಾಗದಂತೆ ಇರು ಎಂದು ಹೆಣ್ಣಿಗೆ ನೂರಾರು ವರ್ಷಗಳಿಂದ ಹೇಳುತ್ತ ಬಂದಿರುವ ಸಮಾಜದಲ್ಲಿ, ತನ್ನ ಕೈಯಾರೆ ಆ ಬಿಳುಪಿಗೆ ಕೆಸರು ಬಳಿದುಕೊಂಡು ನಗುವುದರಲ್ಲಿ ಬಿಡುಗಡೆಯ ಸುಖವಿದೆ. ಇನ್ನು ಮರುಮದುವೆಯ ಯೋಚನೆ ಇಲ್ಲ, ಆದ್ದರಿಂದ ಗೌನೂ ಬೇಡ ಎಂಬ ಪ್ರೀತಿಯ ಘೋಷಣೆಯನ್ನೂ ಕೆಲವರು ಇದರಲ್ಲಿ ಕಂಡರು. ವಿಚ್ಛೇದನ ಪಡೆದ ಕೆಲವರು ಗೌನನ್ನು ಸುಟ್ಟು ಅಥವಾ ಕತ್ತರಿಸಿ, ಹಳೆಯ ನೋವಿಗೆ ತೆರೆ ಎಳೆದರು.

ಮದುವೆಯಿಲ್ಲದ ಮದುಮಗಳು

ಪೂರ್ವ ಏಷ್ಯಾದಲ್ಲಿ ಇದೇ ಕಥೆ ಬೇರೊಂದು ಹಾದಿ ಹಿಡಿಯಿತು. ಚೀನೀ ಸಂಪ್ರದಾಯದಲ್ಲಿ ಮದುವೆಯ ಬಣ್ಣ ಕೆಂಪು, ಸಾವಿನ ಬಣ್ಣ ಬಿಳಿ. ಆದರೂ 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ತೈವಾನಿನಲ್ಲಿ, ಆಮೇಲೆ ಚೀನಾದಲ್ಲಿ, ಬಿಳಿ ಗೌನಿನ ಚಿತ್ರವಿಲ್ಲದೆ ಮದುವೆಯೇ ಇಲ್ಲವೆಂಬಂತಾಯಿತು. ಅಲ್ಲಿ ಗೌನನ್ನು ಕೊಳ್ಳುವವರಿಗಿಂತ ಬಾಡಿಗೆಗೆ ಪಡೆಯುವವರೇ ಹೆಚ್ಚು. ಮದುವೆಗೆ ಮುಂಚೆಯೇ ಜೋಡಿಗಳು ಸ್ಟುಡಿಯೊಗೆ ಹೋಗಿ, ಒಂದಾದ ಮೇಲೊಂದು ಗೌನು ಬದಲಿಸಿ, ದಿನವಿಡೀ ಚಿತ್ರ ತೆಗೆಸಿಕೊಳ್ಳುತ್ತಾರೆ. ತೈವಾನಿನ ಈ ಉದ್ಯಮದ ಮೇಲೆ ಬಾನಿ ಏಡ್ರಿಯನ್ ಎಂಬ ಮಾನವಶಾಸ್ತ್ರಜ್ಞೆ 2003ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಚೀನಾದಲ್ಲಿ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ನೀಲಿ ಅಂಗಿಯಲ್ಲಿ ಒಂದು ಸಣ್ಣ ಫೋಟೊ ಮಾತ್ರ ತೆಗೆಸಿಕೊಂಡಿದ್ದ ದಂಪತಿಗಳು ಮುಪ್ಪಿನಲ್ಲಿ ಗೌನು ತೊಟ್ಟು ಮದುವೆಯ ಚಿತ್ರ ತೆಗೆಸಿಕೊಂಡದ್ದೂ ಉಂಟು. ಯೌವನದಲ್ಲಿ ಕೈತಪ್ಪಿದ್ದನ್ನು ಅವರು ಹೀಗೆ ತುಂಬಿಕೊಂಡರು.

ಜಪಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕ್ಯೋಟೊ ನಗರದ ಪ್ರವಾಸಿ ಸಂಸ್ಥೆಯೊಂದು 2014ರಲ್ಲಿ ‘ಏಕಾಂಗಿ ಮದುವೆ’ ಎಂಬ ಏರ್ಪಾಡನ್ನು ಆರಂಭಿಸಿತು. ಒಂಟಿ ಹೆಣ್ಣೊಬ್ಬಳು ಗೌನು ಆರಿಸಿಕೊಂಡು, ಅಲಂಕಾರ ಮಾಡಿಸಿಕೊಂಡು, ವರನಿಲ್ಲದೆಯೇ ಚಿತ್ರ ತೆಗೆಸಿಕೊಳ್ಳಬಹುದು. ಲಾಸ್ ವೇಗಸ್‌ನಲ್ಲಿ ಚಿತ್ರಕ್ಕಾಗಿ ಗೌನು ಹಾಳಾಯಿತು, ತೈಪೆಯಲ್ಲಿ ಚಿತ್ರಕ್ಕಾಗಿ ಗೌನು ಬಾಡಿಗೆಗೆ ಬಂತು, ಕ್ಯೋಟೊದಲ್ಲಿ ಚಿತ್ರಕ್ಕೆ ಮದುವೆಯೂ ಬೇಡವಾಯಿತು. ಮೊದಲು ಮದುವೆಗೆ ಸಾಕ್ಷಿಯಾಗಿದ್ದ ಚಿತ್ರ ಈಗ ತಾನೇ ಮುಖ್ಯವಾಗಿ ನಿಂತಿತು.

ನೀರಿನ ಲೆಕ್ಕ ಬೇರೆ

ಚಿತ್ರ ಮುಖ್ಯವಾದಾಗ ಅಪಾಯ ಮರೆಯಾಗುತ್ತದೆ. 2012ರ ಆಗಸ್ಟ್‌ನಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ರಾಡನ್ ಬಳಿ, ಅದೇ ಬೇಸಿಗೆಯಲ್ಲಿ ಮದುವೆಯಾಗಿದ್ದ 30 ವರ್ಷದ ಮಹಿಳೆಯೊಬ್ಬಳು ಇಂಥ ಚಿತ್ರಕ್ಕಾಗಿ ಗೌನು ತೊಟ್ಟು ಹೊಳೆಗಿಳಿದಳು. ನೀರು ಹೀರಿದ ಗೌನು ಭಾರವಾಗಿ ಅವಳನ್ನು ಕೆಳಕ್ಕೆಳೆಯಿತು. ಬದುಕಿಸುವ ಯತ್ನ ಫಲಿಸಲಿಲ್ಲ. ಮದುವೆಯ ಗೌನಿನಲ್ಲಿ ಹಲವು ಪದರಗಳಿರುತ್ತವೆ. ಮೇಲೆ ಸ್ಯಾಟಿನ್, ಕೆಳಗೆ ಅಸ್ತರಿ, ಅದರ ಕೆಳಗೆ ಬಲೆಯಂಥ ಬಟ್ಟೆಯ ಹತ್ತಾರು ಮಡಿಕೆ. ನೀರಿಗಿಳಿದ ಮೊದಲ ಕ್ಷಣಗಳಲ್ಲಿ ಪದರಗಳ ನಡುವಿನ ಗಾಳಿ ಅದನ್ನು ಹೂವಿನಂತೆ ಅರಳಿಸುತ್ತದೆ. ಛಾಯಾಗ್ರಾಹಕನಿಗೆ ಬೇಕಾದದ್ದು ಅದೇ ಕ್ಷಣ. ಆಮೇಲೆ ಗಾಳಿ ಹೊರಹೋಗಿ ನೀರು ತುಂಬುತ್ತದೆ. ಬಟ್ಟೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಹರಿಯುವ ನೀರಿನಲ್ಲಿ ಅದು ಸೆಳವಿಗೆ ಹಾಯಿಯಂತೆ ಒಡ್ಡಿಕೊಳ್ಳುತ್ತದೆ. ಬೆನ್ನ ಹಿಂದೆ ಬಿಗಿದ ದಾರ, ಗುಂಡಿಗಳನ್ನು ಒಬ್ಬಳೇ ಬಿಚ್ಚಿಕೊಳ್ಳುವುದು ದಡದ ಮೇಲೂ ಸುಲಭವಲ್ಲ.

ನಮ್ಮಲ್ಲಿ ಗೌನು ಕೆಡಿಸುವ ಪದ್ಧತಿ ಬೇರೂರಿಲ್ಲ. ಆದರೆ ಮದುವೆಗೆ ಮುಂಚಿನ ‘ಪ್ರೀ ವೆಡ್ಡಿಂಗ್ ಶೂಟ್’ ಹಳ್ಳಿಗಳನ್ನೂ ಮುಟ್ಟಿದೆ. ಅದರ ಬೆನ್ನಿಗೇ ಅದೇ ಅಪಾಯವೂ ಬಂದಿದೆ. 2020ರ ನವೆಂಬರ್‌ನಲ್ಲಿ ಮೈಸೂರು ಜಿಲ್ಲೆಯ ತಲಕಾಡಿನ ಬಳಿ, ಕೆಲವೇ ದಿನಗಳಲ್ಲಿ ಮದುವೆಯಾಗಬೇಕಿದ್ದ ಜೋಡಿಯೊಂದು ಫೋಟೊಗಾಗಿ ತೆಪ್ಪವೇರಿ, ತೆಪ್ಪ ಮಗುಚಿ ಕಾವೇರಿಯಲ್ಲಿ ಮುಳುಗಿ ಸತ್ತಿತು. ಎರಡು ಮನೆಗಳಲ್ಲಿ ಚಪ್ಪರ ಹಾಕಬೇಕಿದ್ದ ವಾರದಲ್ಲಿ ಸೂತಕ ಬಂತು.

ಹಾಗೆಂದು ಕೆಸರು, ಧೂಳು ಮೆತ್ತಿದ ಗೌನಿನ ಚಿತ್ರಗಳೆಲ್ಲ ಬೇಕೆಂದೇ ತೆಗೆಸಿದವಲ್ಲ. 2008ರ ಮೇ 12ರಂದು ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ ಭೂಕಂಪವಾದಾಗ, ಬೈಲು ಎಂಬಲ್ಲಿನ ನೂರು ವರ್ಷದ ಹಳೆಯ ಕ್ರೈಸ್ತ ಗುರುಮಠದ ಎದುರು ಜೋಡಿಗಳು ಮದುವೆಯ ಚಿತ್ರ ತೆಗೆಸಿಕೊಳ್ಳುತ್ತಿದ್ದವು. ಕಟ್ಟಡ ಕಣ್ಣೆದುರೇ ಕುಸಿಯಿತು. ಧೂಳಿನ ನಡುವೆ ಬಿಳಿ ಗೌನುಗಳಲ್ಲಿ ದಿಗ್ಭ್ರಾಂತರಾಗಿ ನಿಂತ ಹೆಣ್ಣುಮಕ್ಕಳ ಚಿತ್ರಗಳು ಜಗತ್ತನ್ನು ಸುತ್ತಿದವು. 2018ರ ಆಗಸ್ಟ್‌ನಲ್ಲಿ ಫಿಲಿಪ್ಪೀನ್ಸಿನ ಬುಲಕಾನ್ ಪ್ರಾಂತ್ಯದ ಇಗರ್ಜಿಯೊಂದರೊಳಗೆ ಪ್ರವಾಹದ ನೀರು ನಿಂತಿದ್ದಾಗ, ಮದುಮಗಳೊಬ್ಬಳು ಗೌನನ್ನು ನೀರಿನಲ್ಲಿ ಎಳೆದುಕೊಂಡೇ ನಡೆದು ಪೂಜಾಪೀಠ ಮುಟ್ಟಿದಳು. ಮುಹೂರ್ತ ತಪ್ಪಬಾರದೆಂಬ ಅವಳ ಹಟ ಆ ಒದ್ದೆ ಬಟ್ಟೆಯಲ್ಲಿತ್ತು. ಬೇಕೆಂದೇ ಕೆಡಿಸಿದ ಗೌನಿನ ಚಿತ್ರವನ್ನೂ ಇದನ್ನೂ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ವಿವರಿಸಬೇಕಾಗಿಲ್ಲ.

ತೊಟ್ಟಷ್ಟೂ ಬಾಳುವುದು

ಹಳೆಯ ಮೈಸೂರಿನ ಮನೆಗಳಲ್ಲಿ ಕೆಂಪಂಚಿನ ಬಿಳಿ ಧಾರೆ ಸೀರೆಗೆ ಒಂದೇ ದಿನದ ಆಯುಷ್ಯ ಯಾರೂ ಕಟ್ಟಿರಲಿಲ್ಲ. ಟ್ರಂಕಿನಿಂದ ಅದು ಹಬ್ಬಕ್ಕೆ, ವ್ರತಕ್ಕೆ, ಮಕ್ಕಳ ಶುಭಕಾರ್ಯಕ್ಕೆ ಹೊರಬರುತ್ತಿತ್ತು. ಮಂಗಳೂರಿನ ಕ್ರೈಸ್ತರಲ್ಲಿ ಇಗರ್ಜಿಯಲ್ಲಿ ತೊಡುವ ಬಿಳಿ ಉಡುಪಿನ ಜೊತೆಗೆ ಗಂಡಿನ ಮನೆಯವರು ಕೊಡುವ ಕೆಂಪು ‘ಸಾಡೊ’ ಸೀರೆಗೂ ಗೌರವದ ಸ್ಥಾನವಿದೆ. ಅದು ಮುಂದಿನ ಮುಖ್ಯ ಸಂದರ್ಭಗಳಿಗೂ ಉಳಿಯುತ್ತದೆ. ಪಶ್ಚಿಮದಲ್ಲೂ ಈಗ ಕೆಲವರು ಗೌನಿಗೆ ಬೇರೆ ಬಾಳು ಕೊಡುತ್ತಿದ್ದಾರೆ. ಅಮೆರಿಕ, ಬ್ರಿಟನ್ ಮೊದಲಾದ ಕಡೆ ಸ್ವಯಂಸೇವಕರು ದಾನವಾಗಿ ಬಂದ ಮದುವೆಯ ಗೌನುಗಳನ್ನು ಬಿಡಿಸಿ, ಹುಟ್ಟುತ್ತಲೇ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದ ಕೂಸುಗಳಿಗೆ ಕೊನೆಯ ಅಂಗಿ ಹೊಲಿದು ಕೊಡುತ್ತಾರೆ. ಅಷ್ಟು ಸಣ್ಣ ಅಳತೆಯ ಬಟ್ಟೆ ಅಂಗಡಿಯಲ್ಲಿ ಸಿಗುವುದು ಕಷ್ಟ. ಒಂದು ಗೌನಿನಿಂದ ಅಂಥ ಹಲವು ಅಂಗಿಗಳಾಗುತ್ತವೆ.

ಬಿಳಿ ಗೌನಿನ ಹುಚ್ಚಿಗೆ ಮೂಲವೆಂದು ದೂರಲ್ಪಡುವ ವಿಕ್ಟೋರಿಯಾ ರಾಣಿಯಂತೂ ತನ್ನ ಮದುವೆಯ ಬಟ್ಟೆಯನ್ನು ಒಂದು ದಿನಕ್ಕೆ ಮೀಸಲಿಟ್ಟವಳಲ್ಲ. ಆ ಹಾನಿಟನ್ ಲೇಸನ್ನು ಬಿಚ್ಚಿ ಬೇರೆ ಉಡುಪುಗಳಿಗೆ ಹೊಲಿಸಿ ಜೀವಮಾನವಿಡೀ ತೊಟ್ಟಳು. 1893ರಲ್ಲಿ ಮೊಮ್ಮಗನ ಮದುವೆಗೆಂದು ಅದೇ ಲೇಸು, ಅದೇ ಮುಸುಕು ತೊಟ್ಟು ಆಕೆ ತೆಗೆಸಿಕೊಂಡ ಛಾಯಾಚಿತ್ರವೇ 1897ರ ವಜ್ರಮಹೋತ್ಸವದ ಅಧಿಕೃತ ಚಿತ್ರವಾಯಿತು. ವಿಧವೆಯಾಗಿ 30 ವರ್ಷ ಕಳೆದಿದ್ದ ಮುದುಕಿಯ ಕಪ್ಪು ಉಡುಪಿನ ಮೇಲೆ ಮದುವಣಗಿತ್ತಿಯ ಲೇಸು ಆ ಚಿತ್ರದಲ್ಲಿ ಕಾಣುತ್ತದೆ. 1901ರಲ್ಲಿ ಆಕೆ ತೀರಿಕೊಂಡಾಗ ಆ ಮುಸುಕನ್ನೇ ಮುಖಕ್ಕೆ ಹೊದಿಸಿದರು.